ಮೋಟಾರಿಗೆ ಎರಡು ಭೂಮಿ

ಕನ್ನಡಕ್ಕೆ ನಾನು ಮಾಡಿದ ಸೇವೆಯಿಂದ ಒಬ್ಬ ಹೆಂಗಸು ಸಾಯುವುದರಲ್ಲಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುವಾಗ ನಗು ಬರುತ್ತದೆ, ನೆನೆಸಿಕೊಂಡರೆ ನನಗೂ ಬರುತ್ತದೆ. ಆ ನಗುವಿನಲ್ಲಿ ಈ ಮಾತು ತಪ್ಪಿಹೋಗಬಾರದು.

ನಾನು ಆಗ ಲೈಟಿನ ಆಫೀಸಿನಲ್ಲಿ ಟೈಪಿಸ್ಟ್. ವಿದ್ಯುತ್ ಕಚೇರಿ ಎಂದು ಬೋರ್ಡಿನ ಮೇಲೆ ಮಾತ್ರ ಬರೆದಿರುತ್ತದೆ, ನಮ್ಮ ಜನರ ಬಾಯಲ್ಲಿ ಅದು ಲೈಟಿನ ಆಫೀಸೇ. ಯಾದಗಿರಿ, ಶಹಾಪುರ, ಸುರಪುರ, ಮೂರೂ ಕಡೆ ಕುರ್ಚಿ ಸವೆಸಿದ್ದೇನೆ. ಈ ಸಂಗತಿ ಯಾವ ಊರಿನದೆಂದು ಮಾತ್ರ ಹೇಳುವುದಿಲ್ಲ. ಮೂರೂ ಊರಿನವರು ಇದು ನಮ್ಮದಲ್ಲ, ಪಕ್ಕದ ಊರಿನದು ಎಂದುಕೊಂಡು ಸುಖವಾಗಿರಲಿ.

ಕೆನಾಲಿಗೆ ನೀರು ಬಿಟ್ಟ ಹೊಸದು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಭತ್ತ ನಿಂತಿತ್ತು. ನಮ್ಮ ಕಡೆಯ ಮಂದಿ ಅಷ್ಟು ಹಸಿರನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ನೀರು ಬಂದ ಕೂಡಲೇ ಎಲ್ಲರಿಗೂ ಮೋಟಾರು ಬೇಕಾಯಿತು. ನೀರೆತ್ತಲು ಒಂದು, ಭತ್ತ ಕುಟ್ಟಲು ಒಂದು, ಜೋಳ ಬೀಸಲು ಒಂದು. ಅರ್ಜಿಗಳು ಟೇಬಲ್ಲು ತುಂಬಿ, ಕಿಟಕಿಯ ಕಟ್ಟೆ ತುಂಬಿ, ಕೊನೆಗೆ ಸಾಹೇಬರ ಊಟದ ಡಬ್ಬಿಯ ಕೆಳಗೂ ಸೇರಿಕೊಂಡವು. ಅದೇ ಹೊತ್ತಿಗೆ ಮೇಲಿನಿಂದ ಒಂದು ಆದೇಶ ಬಂತು: ಇನ್ನು ಮುಂದೆ ಎಲ್ಲ ವ್ಯವಹಾರ ಕನ್ನಡದಲ್ಲೇ ನಡೆಯತಕ್ಕದ್ದು. ಆದೇಶ ಇಂಗ್ಲಿಷಿನಲ್ಲಿತ್ತು.

ಸಾಹೇಬರು ನನ್ನನ್ನು ಒಳಗೆ ಕರೆದರು. "ನೀ ಬಿಎ ಕನ್ನಡ ಮಾಡೀಯಲ್ಲ?" ಎಂದು ಕೇಳಿದರು. ಹೌದ್ರಿ ಎಂದೆ. "ಹಂಗಾರ ಇದು ನಿಂದು" ಎಂದು ವಿದ್ಯುತ್ ನಿಯಮಗಳ ಪುಸ್ತಕವನ್ನು ನನ್ನ ಕೈಗಿಟ್ಟರು. ಮನೆಯಲ್ಲಿ ಬಲ್ಬು ಹೋದರೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದ ಮನುಷ್ಯ ನಾನು. ಆದರೆ ಹಾಗೆಂದು ಹೇಳಲು ಆಗ ನನ್ನ ವಯಸ್ಸು ಬಿಡಲಿಲ್ಲ.

ಒಂದು ತಿಂಗಳು ಕೂತು ಅನುವಾದ ಮಾಡಿದೆ. ಇಂಗ್ಲಿಷಿನ ಒಂದು ಪದವನ್ನೂ ಒಳಗೆ ಬಿಟ್ಟುಕೊಳ್ಳಬಾರದೆಂದು ಹಟ ತೊಟ್ಟಿದ್ದೆ. ಲೈವ್ ವೈರ್ ಜೀವಂತ ತಂತಿಯಾಯಿತು. ಕರೆಂಟು ಇಲ್ಲದ್ದು ಮೃತ ತಂತಿ. ನ್ಯೂಟ್ರಲ್ಲಿಗೆ ತಟಸ್ಥ ತಂತಿ ಎಂಬ ಗೌರವ ಸಿಕ್ಕಿತು. ಬಾಂಡಿಂಗ್ ಎಂಬ ಮಾತು ಬಂದಾಗ ಸ್ವಲ್ಪ ತಡೆದೆ. ಮೋಟಾರಿನ ಹತ್ತಿರ ಇರುವ ಕಬ್ಬಿಣದ ಪೈಪು, ಕಂಬಗಳನ್ನೆಲ್ಲ ಒಂದೇ ತಂತಿಯಿಂದ ಕೂಡಿಸಬೇಕು, ಒಂದರಲ್ಲಿ ಕರೆಂಟು ಇದ್ದು ಇನ್ನೊಂದರಲ್ಲಿ ಇಲ್ಲ ಎಂದಾಗಬಾರದು ಎಂಬುದು ಅದರ ತಾತ್ಪರ್ಯ ಎಂದು ಈಗ ಬಲ್ಲೆ. ಆಗ, "ಮೋಟಾರು ತನ್ನ ಸಮೀಪದ ನೀರಿನ ಕೊಳವೆಗಳೊಂದಿಗೆ ಬಾಂಧವ್ಯ ಹೊಂದಿರತಕ್ಕದ್ದು" ಎಂದು ಬರೆದು, ಎರಡು ಸಲ ಜೋರಾಗಿ ಓದಿಕೊಂಡು, ಎದ್ದು ಹೋಗಿ ಚಹಾ ಕುಡಿದು ಬಂದೆ.

ಆಮೇಲೆ ಅರ್ಥಿಂಗಿನ ನಿಯಮ ಬಂತು. ಮೋಟಾರಿನ ಒಳಗೆ ಎಲ್ಲಾದರೂ ವೈರು ಸುಲಿದು ಕರೆಂಟು ಅದರ ಕಬ್ಬಿಣದ ಮೈಗೆ ಹತ್ತಿದರೆ, ಮುಟ್ಟಿದವರ ಮೈಯಿಂದ ಹಾಯದೆ ನೇರ ನೆಲಕ್ಕೆ ಇಳಿದುಹೋಗಬೇಕು. ಅದಕ್ಕಾಗಿ ಮೋಟಾರಿನಿಂದ ನೆಲಕ್ಕೆ ಎರಡು ಬೇರೆ ಬೇರೆ ತಂತಿ ಇಳಿಸಬೇಕು, ಒಂದು ಕಡಿದರೂ ಇನ್ನೊಂದು ಇರಲಿ ಎಂದು. ಇಂಗ್ಲಿಷಿನಲ್ಲಿ ಆ ಎರಡು ಎನ್ನುವುದು ಸಂಪರ್ಕಕ್ಕೆ ಅಂಟಿಕೊಂಡಿತ್ತು. ನಾನು ಅದನ್ನು ಕಿತ್ತು ಭೂಮಿಗೆ ಅಂಟಿಸಿದೆ. "ಪ್ರತಿಯೊಂದು ಮೋಟಾರು ಎರಡು ಪ್ರತ್ಯೇಕ ಹಾಗೂ ಭಿನ್ನವಾದ ಭೂಮಿಗಳೊಂದಿಗೆ ಸಂಬಂಧ ಹೊಂದಿರತಕ್ಕದ್ದು." ಸಾಹೇಬರು ಓದದೆ ಸಹಿ ಹಾಕಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿ ಅವರು. ಸ್ಟೆನ್ಸಿಲ್ ಕೊರೆದು, ಪ್ರತಿ ತೆಗೆದು, ಎಲ್ಲ ಟೇಬಲ್ಲಿಗೂ ಒಂದೊಂದು ಹಂಚಿದೆವು.

ಅರ್ಜಿ ನೋಡುತ್ತಿದ್ದ ಗುಮಾಸ್ತರು ಮೊದಲು ತಹಸೀಲ ಕಚೇರಿಯಲ್ಲಿದ್ದವರು. ಅರ್ಧ ಆಯುಷ್ಯ ಪಹಣಿ ಬರೆಯುವುದರಲ್ಲಿ ಕಳೆದಿದ್ದರು. ಭೂಮಿ ಎಂಬ ಅಕ್ಷರ ಕಂಡರೆ ಸಾಕು, ಅವರ ಕಣ್ಣಿಗೆ ಸರ್ವೇ ನಂಬರು, ಚಕಬಂದಿ, ವಾರಸಾ ಎಲ್ಲ ಎದ್ದು ನಿಲ್ಲುತ್ತಿದ್ದವು. ನನ್ನ ಅನುವಾದ ಓದಿ ಬಹಳ ಖುಷಿಪಟ್ಟರು.

"ಈಗ ಬರೋಬ್ಬರಿ ತಿಳೀತು ನೋಡು," ಎಂದರು. "ಎರಡು ಭೂಮಿ ಬೇಕು. ಪ್ರತ್ಯೇಕ ಅಂದ್ರ ಸರ್ವೇ ನಂಬರು ಬ್ಯಾರೆ ಇರಬೇಕು. ಭಿನ್ನ ಅಂದ್ರ ಮಣ್ಣು ಬ್ಯಾರೆ ಇರಬೇಕು. ಒಂದು ಎರಿ, ಒಂದು ಮಸಾರಿ."

ಅಂದರೆ ಒಂದು ಕಪ್ಪು ಮಣ್ಣಿನ ಹೊಲ, ಒಂದು ಕೆಂಪು ಮಣ್ಣಿನದು. ಅಂದಿನಿಂದ ಮೋಟಾರು ಬೇಕೆಂದವರು ಅರ್ಜಿಯ ಜೊತೆ ಎರಡು ಪಹಣಿ ತರಬೇಕಾಯಿತು. ಆಶ್ಚರ್ಯವೆಂದರೆ ಯಾರೂ ತಕರಾರು ಮಾಡಲಿಲ್ಲ. ಹೊಲ ಇದ್ದವರಿಗೆ ಪಹಣಿ ತರುವುದು ಕಷ್ಟವಲ್ಲ, ಬೇಸಿಗೆಯಲ್ಲಿ ಎರೆ ನೆಲದಲ್ಲಿ ಆ ತಂತಿಗಳಿಗೆಂದು ಆಳುದ್ದ ತೆಗ್ಗು ತೋಡುವುದು ಕಷ್ಟ. ವೈರಿಂಗ್ ಮಾಡುವವರೂ ಗುದ್ದಲಿ ಕೆಳಗಿಟ್ಟು ಹಗುರಾದರು. ತಪಾಸಣೆಯ ಫಾರಮ್ಮಿನಲ್ಲಿ "ಎರಡು ಭೂಮಿ" ಎಂಬ ಕಾಲಮ್ಮಿನ ಮುಂದೆ "ಇವೆ" ಎಂದು ಬರೆದರೆ ಮುಗಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ತಪ್ಪು ಗೊತ್ತಾಗಲಿಲ್ಲವೇ ಎಂದು ಕೇಳುತ್ತೀರಿ. ಎರಡೇ ವಾರದಲ್ಲಿ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಕನ್ನಡ ಬಿಎಯ ಮಾನ ಹೋಗುತ್ತದೆ ಎಂದು ಸುಮ್ಮನಿದ್ದೆ. ಇದಕ್ಕಿಂತ ದೊಡ್ಡ ಕಾರಣ ಇತ್ತೆಂದು ಬರೆಯಬಹುದಿತ್ತು, ಇರಲಿಲ್ಲ.

ಹೀಗಿರುವಾಗ ಆಕೆ ಬಂದಳು. ದೋರನಹಳ್ಳಿಯಿಂದ ಆಚೆ, ಕೆನಾಲಿನ ಬದಿಯ ಒಂದು ಸಣ್ಣ ಊರಿನವಳು. ನಲವತ್ತು ದಾಟಿದ ಹೆಂಗಸು, ಗಂಡ ತೀರಿದ್ದ. ಕೆನಾಲು ತೋಡುವಾಗ ಬುಟ್ಟಿಯಲ್ಲಿ ಮಣ್ಣು ಹೊತ್ತವಳು, ಕೆನಾಲು ಮುಗಿದ ಮೇಲೆ ಅದರ ನೀರು ಕುಡಿದ ಹೊಲಗಳಲ್ಲಿ ಕಳೆ ತೆಗೆಯುವವಳು. ಹೆಂಗಸರಿಗೆ ಅಂತ ಇದ್ದ ಯಾವುದೋ ಯೋಜನೆಯಲ್ಲಿ ಆಕೆಗೊಂದು ಹಿಟ್ಟಿನ ಗಿರಣಿ ಮಂಜೂರಾಗಿ, ಮೋಟಾರು ಬಂದು ಮನೆಯ ಪಕ್ಕದ ಖೋಲಿಯಲ್ಲಿ ಕೂತಿತ್ತು. ಕರೆಂಟು ಒಂದು ಬಾಕಿ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಪೂಜಾರಿಗಳು ನಾವು.

"ಜಮೀನಿನ ಕಾಗದ ಎಲ್ಲಿ?" ಎಂದು ಗುಮಾಸ್ತರು ಕೇಳಿದರು.

"ಜಮೀನಿಲ್ರಿ."

"ಎರಡು ಬೇಕು. ಒಂದು ಎರಿ, ಒಂದು ಮಸಾರಿ."

"ಯಾರಿಗ್ರಿ?"

"ಮೋಟಾರಿಗಿ. ಕಾಯ್ದಾ ಅದ."

ಆಕೆ ಗುಮಾಸ್ತರ ಮುಖ ನೋಡಿದಳು. ಹಾಸ್ಯ ಮಾಡುತ್ತಿದ್ದಾರೇನೋ ಎಂದು ಕಾದಳು. ಅವರ ಮುಖದಲ್ಲಿ ಹಾಸ್ಯ ಎಂದೂ ಇರಲಿಲ್ಲ.

"ಮೋಟಾರು ಬಿತ್ತತದೇನ್ರಿ?" ಎಂದಳು. ನಮ್ಮ ಪಕ್ಕದ ಟೇಬಲ್ಲಿನವರು ನಕ್ಕರು. ಆಕೆ ನಗಲಿಲ್ಲ. "ನಮ್ಮಪ್ಪಗ ಇರಲಿಲ್ಲ, ನಮ್ಮ ಅತ್ತಿ ಮನ್ಯಾಗ ಇರಲಿಲ್ಲ. ಸಣ್ಣಾಕಿ ಇದ್ದಾಗಿಂದ ಮಂದಿ ಹೊಲದಾಗ ದುಡಿಯಾಕತ್ತೀನಿ. ನಂಗೊಂದು ಭೂಮಿ ಇರಬೇಕಂತ ಯಾವ ಕಾಯ್ದಾನೂ ಹೇಳಿಲ್ರಿ. ಮೊನ್ನಿ ಬಂದ ಮೋಟಾರಿಗಿ ಎರಡು ಬೇಕಂತೇನ್ರಿ?"

"ಕಾಯ್ದಾ ನಾ ಮಾಡಿಲ್ಲವಾ," ಎಂದು ಗುಮಾಸ್ತರು ನನ್ನ ಕಡೆ ನೋಡಿದರು. ನಾನು ಟೈಪ್‌ರೈಟರಿನಲ್ಲಿ ತಲೆ ಹುದುಗಿಸಿ, ಕಾಗದವಿಲ್ಲದೆ ಒಂದು ಸಾಲು ಟೈಪು ಮಾಡಿದೆ.

ಆಕೆ ಬಿಡುವ ಹೆಂಗಸಲ್ಲ. ಐದಾರು ಸಲ ಬಂದಳು, ಬಸ್ಸು ಸಿಗದಿದ್ದರೆ ಟಂಟಂ ಹಿಡಿದು ಬಂದಳು. ಕೊನೆಗೊಂದು ದಿನ ಎರಡು ಪಹಣಿ ತಂದು ಟೇಬಲ್ಲಿನ ಮೇಲಿಟ್ಟಳು. ಊರ ಗೌಡರದು. ಒಂದು ಆಕೆಯ ಖೋಲಿಗೆ ಹತ್ತಿದ ಎರೆ ಹೊಲ, ಇನ್ನೊಂದು ಎಲ್ಲೋ ಬೋನಾಳದ ಕಡೆಯ ಮಸಾರಿ. "ಸದರಿ ಭೂಮಿಗಳೊಂದಿಗೆ ಸದರಿ ಮೋಟಾರು ಸಂಬಂಧ ಹೊಂದಲು ನನ್ನ ತಕರಾರು ಇಲ್ಲ" ಎಂದು ಗೌಡರು ಒಪ್ಪಿಗೆ ಬರೆದು ಸಹಿ ಮಾಡಿದ್ದರು. ಅವರಿಗೇಕೆ ಈ ಕರುಣೆ ಎಂದರೆ, ಊರ ಹೆಂಗಸರು ಜೋಳ ಬೀಸಿಸಲು ಪಕ್ಕದ ಊರಿಗೆ ನಡೆದು ಹೋಗಿ ಅರ್ಧ ದಿನ ಕಳೆಯುತ್ತಿದ್ದರು, ಗೌಡರ ಹೊಲದ ಕಳೆ ಹಾಗೇ ಉಳಿಯುತ್ತಿತ್ತು. ಗೌಡರ ಮನೆಯ ಜೋಳ ಮಾತ್ರ ಆಕೆಯ ಗಿರಣಿಗೆ ಬರುವುದಿಲ್ಲ. ಬುದ್ಧನ ಪಟ ಹಾಕಿಕೊಂಡ ಮನೆಯ ಹಿಟ್ಟು ಅವರ ಮನೆಯಲ್ಲಿ ನಡೆಯುವುದಿಲ್ಲ. ಜೋಳ ಬರದಿದ್ದರೂ ಭೂಮಿ ಬಂತು, ಅದೂ ಕಾಗದದ ಮೇಲೆ.

ಕರೆಂಟು ಸಿಕ್ಕಿತು. ಗಿರಣಿ ಶುರುವಾಯಿತು. ತಿಂಗಳೊಪ್ಪತ್ತಿನಲ್ಲಿ ಆಕೆ ಮತ್ತೆ ಗುಮಾಸ್ತರ ಮುಂದೆ ನಿಂತಿದ್ದಳು.

"ಮಷೀನು ಕಚ್ಚತದ್ರೀ," ಎಂದಳು. "ಮುಟ್ಟಿದ್ರ ಕೈ ಮೊಣಕೈತನಾ ಜುಮ್ ಅಂತದ. ನಾ ಹಲಗಿ ಹಾಕ್ಕೊಂಡು ಅದರ ಮ್ಯಾಲೆ ನಿಂತು ಬೀಸಾಕತ್ತೀನಿ. ನಿನ್ನೆ ಒಬ್ಬಾಕಿ ಹಸಿ ಕೈಲೆ ಮುಟ್ಟಿ ಹಿಂದಕ್ಕ ಬಿದ್ಲು."

ಗುಮಾಸ್ತರು ಕಡತ ತೆಗೆದರು. ಎರಡೂ ಪಹಣಿ ನೋಡಿದರು, ಒಪ್ಪಿಗೆ ಪತ್ರ ನೋಡಿದರು, ಮೊಹರು ನೋಡಿದರು. "ಇಲ್ಲಿ ಎಲ್ಲಾ ಸರಿ ಅದಲ್ಲವಾ," ಎಂದರು. ಆಮೇಲೆ ಬಹಳ ಯೋಚನೆ ಮಾಡಿ, "ಗೌಡರು ಈ ಜಮೀನಿನ್ಯಾಗ ಯಾವುದರೆ ಮಾರ್ಯಾರೇನು, ಕೇಳಿ ನೋಡು. ಅಣ್ತಮ್ಮರ ಪಾಲಿನ ವ್ಯಾಜ್ಯ ಏನರೆ ಇರಬೇಕು. ಅದಕ್ಕ ಕಚ್ಚಾಕತ್ತದ" ಎಂದರು.

ಆ ಹಲಗೆ ನನ್ನ ಕಣ್ಣಮುಂದೆ ನಿಂತಿತು. ಆಕೆಗೂ ಸಾವಿಗೂ ನಡುವೆ ಒಂದು ಹಲಗೆ, ಹಲಗೆಯ ಆ ಕಡೆ ನನ್ನ ಅನುವಾದ. ನಾಳೆ ಯಾರೋ ಒಬ್ಬಳು ಜೋಳದ ಬುಟ್ಟಿ ಇಳಿಸುವಾಗ ಬರಿಗಾಲಲ್ಲಿ ಅದನ್ನು ಹಿಡಿದರೆ? ನಾಚಿಕೆ ಅಂದರೆ ಏನೆಂದು ಆವತ್ತು ಗೊತ್ತಾಯಿತು. ಆಕೆಯನ್ನು ಹೊರಗೆ ಕರೆದೆ. "ಅಕ್ಕಾ, ನಾಳಿ ಐತವಾರ ಬರ್ತೀನಿ. ಅಲ್ಲೀತನಾ ಗಿರಣಿ ಬಂದ್ ಇಡು" ಎಂದೆ.

ನಮ್ಮ ಹಳೆಯ ಲೈನ್‌ಮನ್ನನಿಗೆ ಎಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಜೀವಮಾನದಲ್ಲಿ ಒಂದು ನಿಯಮವನ್ನೂ ಓದದೆ, ಒಂದು ನಿಯಮವನ್ನೂ ಮುರಿಯದೆ ಕೆಲಸ ಮಾಡಿದ ಮನುಷ್ಯ ಅವನು. ನಮ್ಮ ಕಡೆ ಅರ್ಥಿಂಗಿಗೆ ಅರ್ಥ್ ಎಂದೇ ಅನ್ನುತ್ತಾರೆ.

"ಆಕಿ ಗಿರಣಿಗಿ ಲೈನು ಎಳಿಯಾಗ ನಾ ಕೇಳಿದ್ದೆ, ಅರ್ಥ್ ಎಲ್ಲಿ ಅಂತ," ಎಂದ. "ಫೈಲಿನ್ಯಾಗ ಅದ ಅಂದ್ರು. ಫೈಲಿಗಿ ವೈರು ಕಟ್ಟಾಕ ಬರ್ತದೇನ್ರಿ? ನೀವು ಕನ್ನಡ ಮಾಡಿದ ಮ್ಯಾಲೆ ಅರ್ಥನೇ ಹೋತು ನೋಡ್ರಿ, ಟೈಪಿಸ್ಟ್ ಸಾಹೇಬ್ರ."

ಪೈಪು, ತಂತಿ ಎಲ್ಲಿ ಸಿಗುತ್ತವೆ ಎಂದು ಕೇಳಿದೆ.

ಭಾನುವಾರ ಇಬ್ಬರೂ ಎರಡು ಪೈಪು, ಒಂದು ಸುರುಳಿ ತಂತಿ ಹೊತ್ತು ಹೋದೆವು. ಆಕೆಯ ಜಾಗ ಅಂದರೆ ಸರಕಾರ ಮನೆಗೆಂದು ಕೊಟ್ಟ ಒಂದು ಚೂರು. ಮುಂದೆ ಮನೆ, ಮಗ್ಗಲಿಗೆ ಗಿರಣಿಯ ಖೋಲಿ, ಹಿಂದೆ ಕಲ್ಲು ಹಾಸಿದ ಬಚ್ಚಲು, ಅಲ್ಲಿಗೆ ಮುಗಿಯಿತು. ಲೈನ್‌ಮನ್ ಒಂದು ತೆಗ್ಗು ಬಾಗಿಲ ಮುಂದೆ ತೋಡಿಸಿದ. ಇನ್ನೊಂದು ಅದರಿಂದ ದೂರ ಇರಬೇಕು. ಖೋಲಿಯ ಹಿಂದೆಯೇ ಗೌಡರ ಎರೆ ಹೊಲದ ಬದು. ಕಾಗದದಲ್ಲಿ ಆಕೆಯ ಮೋಟಾರಿಗೆ ಸಂಬಂಧ ಇರುವ ಹೊಲ ಅದೇ. ಆಕೆ ಅಲ್ಲಿ ಗುದ್ದಲಿ ಹಾಕಿದ್ದೇ ತಡ, ಬದುವಿನ ಮೇಲೆ ಗೌಡರು ಪ್ರತ್ಯಕ್ಷರಾದರು.

"ಏನ್ ನಡಿಸೀರಿ?"

"ಗೌಡ್ರ, ನೀವ ಕೊಟ್ಟ ಭೂಮಿಗಿ ವೈರು ಕಟ್ಟಾಕತ್ತೀವ್ರಿ," ಎಂದಳು ಆಕೆ. "ಒಂದ ಮೊಳ ಅಗಲ ಸಾಕ್ರಿ."

"ನಾ ಕಾಗದದಾಗ ಕೊಟ್ಟೀನಿ," ಎಂದರು ಗೌಡರು. "ಮಣ್ಣಿನ್ಯಾಗ ಕೊಟ್ಟಿಲ್ಲ."

ಸರಕಾರಿ ನೌಕರಿಯಲ್ಲಿ ಅಷ್ಟು ವರ್ಷ ಇದ್ದೆ. ಭೂಮಿಯ ವಿಷಯ ಅಷ್ಟು ಸ್ಪಷ್ಟವಾಗಿ ಹೇಳಿದ ಇನ್ನೊಬ್ಬರನ್ನು ನೋಡಲಿಲ್ಲ.

ಆಕೆ ಹಾರೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಹಾಸುಗಲ್ಲು ಮೀಟಿದಳು. ಕೆಳಗೆ ವರ್ಷಗಟ್ಟಲೆ ಜಳಕದ ನೀರು ಕುಡಿದ ಕಪ್ಪು ಮಣ್ಣು, ಬೆಣ್ಣೆಯ ಹಾಗೆ ಇತ್ತು. ಲೈನ್‌ಮನ್ ಅದನ್ನು ಬೆರಳಲ್ಲಿ ಹಿಸುಕಿ ಹಲ್ಲು ಕಿರಿದ. "ಅರ್ಥಿಗಿ ಇದಕ್ಕಿಂತ ಚಲೋ ಜಾಗ ಎಲ್ಲದ್ರಿ? ಗೌಡರ ಬದುವಿನ ಒಣಾ ಮಣ್ಣು ಯಾರಿಗಿ ಬೇಕಾಗ್ಯಾದ? ಹಸಿ ನೆಲಾನೇ ಕರೆಂಟು ಎಳಕೋತದ" ಎಂದ.

ಆಕೆ ತೋಡಿದಳು, ನಾನು ಮಣ್ಣು ಹೊತ್ತು ಹಾಕಿದೆ. ನಾಲ್ಕು ಬುಟ್ಟಿಗೆ ನನ್ನ ಸೊಂಟ ಹಿಡಿಯಿತು. ಆಕೆ ನಕ್ಕು ಬುಟ್ಟಿ ಕಸಿದುಕೊಂಡಳು. "ಕೆನಾಲಿಗಿ ಎಷ್ಟು ಹೊತ್ತೀನೋ ಲೆಕ್ಕಿಲ್ರಿ. ಎಲ್ಲಾ ಮಂದಿ ಹೊಲಕ್ಕ. ನಂದು ಅಂತ ತೆಗ್ಗು ತೋಡಿದ್ದು ಇದ ಮೊದಲು" ಎಂದಳು. ಪೈಪು ಇಳಿಸಿ, ನೆಲದ ಹಸಿ ಆರದಿರಲೆಂದು ಸುತ್ತ ಒಂದು ಪದರ ಉಪ್ಪು, ಒಂದು ಪದರ ಆಕೆಯ ಒಲೆಯ ಇದ್ದಲಿ ಹಾಕಿ ತುಂಬಿದೆವು. ಎರಡೂ ಪೈಪಿನಿಂದ ತಂತಿ ತಂದು ಮೋಟಾರಿನ ಮೈಗೆ ಬಿಗಿದು, ಖೋಲಿಯ ಕಬ್ಬಿಣದ ಬಾಗಿಲಿಗೂ ಒಂದು ತಂತಿ ಕೂಡಿಸಿದ ಲೈನ್‌ಮನ್, "ಇದು ನಿಮ್ಮ ಬಾಂಧವ್ಯ" ಎಂದು ನನ್ನ ಕಡೆ ಕಣ್ಣು ಹೊಡೆದ.

ಸ್ವಿಚ್ ಹಾಕಿದ. ಫಟ್ ಎಂದು ಫ್ಯೂಜು ಹಾರಿತು.

ನಾನು ಕೆಟ್ಟಿತು ಅಂದುಕೊಂಡೆ. ಲೈನ್‌ಮನ್ ಮುಖ ಗಂಭೀರವಾಯಿತು. ಮೋಟಾರಿನ ಮೇಲಿನ ಡಬ್ಬಿ ಬಿಚ್ಚಿ ತೋರಿಸಿದ. ಒಳಗೆ ಒಂದು ವೈರಿನ ತೊಗಲು ತಿಕ್ಕಿ ತಿಕ್ಕಿ ಸುಲಿದು, ತಾಮ್ರ ಡಬ್ಬಿಗೆ ತಾಗುತ್ತಿತ್ತು. "ಇಷ್ಟು ದಿನಾ ಈ ಕರೆಂಟು ಇಡೀ ಮಷೀನಿನ ಮೈಮ್ಯಾಲೆ ಕುಂತಿತ್ತು," ಎಂದ. "ನೆಲ ತಾಗಿದ ಕೂಡ್ಲೆ ಸಿಕ್ಕಿಬಿತ್ತು." ಆಕೆ ಆ ಹಲಗೆಯನ್ನೇ ನೋಡುತ್ತ ನಿಂತಳು. ವೈರು ಬದಲಿಸಿ ಮತ್ತೆ ಸ್ವಿಚ್ ಹಾಕಿದಾಗ ಗಿರಣಿ ತಿರುಗಿತು. ಆಕೆ ಹಲಗೆಯನ್ನು ಬದಿಗೆ ಸರಿಸಿ, ಬರಿಗಾಲಲ್ಲಿ ನೆಲದ ಮೇಲೆ ನಿಂತು, ಲೈನ್‌ಮನ್ ಹೇಳಿದ ಹಾಗೆ ಮೊದಲು ಬೆರಳಿನ ಹಿಂಭಾಗ ತಾಗಿಸಿ, ಆಮೇಲೆ ಇಡೀ ಅಂಗೈ ಮೋಟಾರಿನ ಮೇಲಿಟ್ಟಳು. ಅದು ಕಚ್ಚಲಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗೌಡರಿಗೆ ತಮ್ಮ ಬದುವಿಗೆ ಗುದ್ದಲಿ ಬಿದ್ದದ್ದನ್ನು ಸಹಿಸಲಾಗಲಿಲ್ಲ. ವಾರದೊಳಗೆ ಒಪ್ಪಿಗೆ ವಾಪಸು ಪಡೆದು ಅರ್ಜಿ ಕೊಟ್ಟರು. ಗುಮಾಸ್ತರು ಕಾಯ್ದೆ ಪ್ರಕಾರ ಆಕೆಗೆ ನೋಟೀಸು ಬರೆದರು: ಸದರಿ ಮೋಟಾರಿಗೆ ಭೂಮಿ ಇಲ್ಲದ ಕಾರಣ ಸಂಪರ್ಕ ಏಕೆ ಕಡಿಯಬಾರದು? ಇಡೀ ತಾಲೂಕಿನಲ್ಲಿ ನೆಲ ತಾಗಿದ ಮೋಟಾರು ಅದೊಂದೇ ಇದ್ದಿರಬೇಕು. ನಾನು ಸಾಹೇಬರ ಹತ್ತಿರ ಹೋಗಿ, ತಪ್ಪು ನನ್ನದು, ತಿದ್ದುಪಡಿ ಹೊರಡಿಸೋಣ ಎಂದೆ. "ಈಗ ತಿದ್ದಿದ್ರ ಹಿಂದಿನವೆಲ್ಲಾ ತಪ್ಪು ಅಂತ ಆಗ್ತದ," ಎಂದರು ಸಾಹೇಬರು. "ಸಹಿ ನಂದದ. ಸುಮ್ಮನಿರು."

ನೋಟೀಸಿನ ಗಡುವಿನ ದಿನ ಆಕೆ ಬಂದಳು. ಕೈಯಲ್ಲಿ ಎರಡು ಅರಿವೆಯ ಗಂಟು. ಗುಮಾಸ್ತರ ಟೇಬಲ್ಲಿನ ಮೇಲೆ, ಅವರ ಮೊಹರಿನ ಪಕ್ಕದಲ್ಲಿ, ಗಂಟು ಬಿಚ್ಚಿ ಎರಡು ಹಿಡಿ ಹಸಿ ಮಣ್ಣು ಇಟ್ಟಳು.

"ಬರಕೋರಿ," ಎಂದಳು. "ಎರಡು ಭೂಮಿ. ಎರಡೂ ನನ್ನವ."

"ಸರ್ವೇ ನಂಬರು?"

"ಒಂದು ಬಾಗಲ ಮುಂದಿಂದು. ಒಂದು ಬಚ್ಚಲದ್ದು."

ಗುಮಾಸ್ತರು ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಬಾಗಿಲ ಮುಂದೆ ತಗ್ಗು ತುಂಬಲೆಂದು ಹಿಂದೆ ಯಾವಾಗಲೋ ಕೆಂಪು ಮಣ್ಣು ಹಾಕಿಸಿದ್ದಳು. ಬಚ್ಚಲಿನದು ಅಪ್ಪಟ ಕಪ್ಪು. "ಅಲಲಲ, ಒಂದು ಮಸಾರಿ, ಒಂದು ಎರಿ!" ಎಂದರು ಗುಮಾಸ್ತರು, ಧ್ವನಿಯಲ್ಲಿ ನಿಜವಾದ ಗೌರವ ಇತ್ತು. "ಪ್ರತ್ಯೇಕನೂ ಅದ, ಭಿನ್ನನೂ ಅದ. ಮತ್ತ ಈ ಬಿಳೀದು ಕರೀದು ಏನಿದು?"

"ಉಪ್ಪು, ಇದ್ದಲಿ," ಎಂದೆ ನಾನು ಎದ್ದು ನಿಂತು. "ಇಲ್ಲಂದ್ರ ಭೂಮಿ ಪಕ್ಕಾ ಆಗೂದಿಲ್ರಿ. ಪುಸ್ತಕದಾಗ ಅದ." ಪುಸ್ತಕದಲ್ಲಿ ಆ ಮಾತಿತ್ತೋ ಇಲ್ಲವೋ ನಾನು ನೋಡಿರಲಿಲ್ಲ. ಆಕೆಯ ಫಾರಮ್ಮು ಎಳೆದುಕೊಂಡು "ಎರಡು ಭೂಮಿ" ಎಂಬುದರ ಮುಂದೆ "ಇವೆ. ಕಣ್ಣಾರೆ ಕಂಡಿದ್ದೇನೆ" ಎಂದು ಬರೆದೆ. ಬರೆಯುವ ಅಧಿಕಾರ ನನಗಿರಲಿಲ್ಲ. ಸಾಹೇಬರು ಓದದೆ ಸಹಿ ಹಾಕಿದರು. ಅವರ ಆ ಗುಣಕ್ಕೆ ನಾನು ಮೊದಲ ಸಲ ಕೈ ಮುಗಿದೆ.

ಅಂದಿನಿಂದ ಗುಮಾಸ್ತರು ಪಹಣಿ ಕೇಳುವುದನ್ನು ಬಿಟ್ಟು ಪ್ರತಿ ಅರ್ಜಿಯ ಜೊತೆ ಎರಡು ಗಂಟು ಮಣ್ಣು ಕೇಳತೊಡಗಿದರು. ಹಸಿ ಇರಬೇಕು, ಉಪ್ಪು ಇರಬೇಕು, ಇದ್ದಲಿ ಇರಬೇಕು, ಅದೂ ಮೋಟಾರಿನ ಪಕ್ಕದ ತೆಗ್ಗಿನದೇ ಆಗಿರಬೇಕು. ಹಳೆಯ ಮೋಟಾರಿನವರಿಗೂ ಪತ್ರ ಹೋಯಿತು. ಮಣ್ಣು ತರಲು ಜನ ತೆಗ್ಗು ತೋಡಲೇಬೇಕಾಯಿತು. ತೋಡಿದ ಮೇಲೆ ಲೈನ್‌ಮನ್ ಹೋಗಿ, ಹೇಗೂ ತೋಡೀರಿ, ಒಂದು ಪೈಪು ಇಳಿಸ್ರಿ ಎನ್ನುತ್ತಿದ್ದ. ನಮ್ಮ ಕಚೇರಿ ಕೆಲವು ತಿಂಗಳು ಗೊಬ್ಬರದ ಅಂಗಡಿಯಂತೆ ನಾರುತ್ತಿತ್ತು. ಬಿಎ ಕನ್ನಡದವನ ಕೈಯಲ್ಲಿ ಆಗದ ಅನುವಾದವನ್ನು ಆಕೆ ಎರಡು ಹಿಡಿ ಮಣ್ಣಿನಲ್ಲಿ ಮಾಡಿ ಮುಗಿಸಿದ್ದಳು.

ಬೇಸಿಗೆಯಲ್ಲಿ ಒಮ್ಮೆ ಆ ಊರಿನ ಕಡೆ ಹೋದಾಗ ಗಿರಣಿಯ ಮುಂದೆ ನಿಂತೆ. ಆಕೆಯ ಬಚ್ಚಲು ಕಿತ್ತಿದ್ದು ನನ್ನ ಮನಸ್ಸಿನಲ್ಲಿ ಉಳಿದಿತ್ತು. "ಜಳಕಕ್ಕ ಏನ್ ಮಾಡ್ದಿ ಅಕ್ಕಾ?" ಎಂದು ಕೇಳಿದೆ.

ಹಿಂದೆ ಕರೆದುಕೊಂಡು ಹೋಗಿ ತೋರಿಸಿದಳು. ಹಾಸುಗಲ್ಲನ್ನು ಈಚೆ ಮೂಲೆಗೆ ಸರಿಸಿದ್ದಳು. ಅಲ್ಲಿಂದ ಗೇಣು ಅಗಲದ ಎರಡು ಕಾಲುವೆ ತೆಗೆದು, ಒಂದನ್ನು ಹಿಂದಿನ ತೆಗ್ಗಿಗೆ, ಇನ್ನೊಂದನ್ನು ಗೋಡೆ ಸುತ್ತಿಸಿ ಬಾಗಿಲ ಮುಂದಿನ ತೆಗ್ಗಿಗೆ ಬಿಟ್ಟಿದ್ದಳು. ಕವಲೊಡೆಯುವಲ್ಲಿ ನೀರು ಅತ್ತಿತ್ತ ತಿರುಗಿಸಲು ಒಂದು ಚಪ್ಪಟೆ ಕಲ್ಲು ಇತ್ತು. ಆ ವರ್ಷ ಕೆನಾಲಿನ ಮೇಲ್ಗಡೆಯ ಊರುಗಳವರು ನೀರು ಕಟ್ಟಿಕೊಂಡು ಆ ಊರಿನ ಕೆನಾಲು ಬಣಗುಡುತ್ತಿತ್ತು.

"ಭೂಮಿ ಒಣಗಬಾರದು ಅಂದಾನಲ್ರಿ ಲೈನ್‌ಮನ್ ಕಾಕಾ," ಎಂದಳು. "ನನ್ನ ಎರಡು ಭೂಮಿಗಿ ನಾನೇ ಕೆನಾಲು ಮಾಡೀನ್ರಿ. ದಿನಾ ಹೊತ್ತಿಗಿ ಸರಿಯಾಗಿ ನೀರು ಬರ್ತದ."